ಒಂದು ಯಂತ್ರ, ಆರು ಗೇಮ್ ಸರ್ವರ್: ಕಾನ್ಫಿಗ್ ಫೈಲನ್ನು ಬರೆಯುವವರು ಯಾರು?

ಬ್ಯಾಕಪ್ ಆರು ಗಂಟೆಗೊಮ್ಮೆ ಓಡುತ್ತಿತ್ತು. ಪ್ರತಿ ಸಲವೂ ದೋಷವಿಲ್ಲದೆ ಮುಗಿಯಿತು ಎಂದೇ ಲಾಗ್‌ನಲ್ಲಿ ಬರೆಯುತ್ತಿತ್ತು. ಎರಡನೇ ಮೈನ್‌ಕ್ರಾಫ್ಟ್ ಸರ್ವರ್‌ನ ವರ್ಲ್ಡನ್ನು (ಆಟದ ಲೋಕವನ್ನು) ಅದರಿಂದ ಮರಳಿ ತೆಗೆಯಬೇಕಾದ ದಿನ ಗುಟ್ಟು ಬಯಲಾಯಿತು. ವರ್ಲ್ಡಿನ ತುಂಡುಗಳಾದ ಚಂಕ್‌ಗಳಲ್ಲಿ ಕೆಲವು ತೆರೆಯಲೇ ಇಲ್ಲ, ಇನ್ನು ಕೆಲವು ಅರ್ಧ ಹಳೆಯವು, ಅರ್ಧ ಹೊಸವು. ಡಿಸ್ಕ್ ಸರಿಯಿತ್ತು, ಬ್ಯಾಕಪ್ ಸ್ಕ್ರಿಪ್ಟ್ ಬೇರೆ ಕಡೆ ಸರಿಯಾಗಿಯೇ ಕೆಲಸ ಮಾಡುತ್ತಿತ್ತು. ತಪ್ಪು ಇದ್ದದ್ದು ಒಂದು ಕಾನ್ಫಿಗ್ (ಸೆಟ್ಟಿಂಗ್) ಫೈಲಿನ ಒಂದೇ ಸಾಲಿನಲ್ಲಿ, ಅದೂ ಯಾರೂ ತಿದ್ದದೆ ಬಿಟ್ಟ ಸಾಲಿನಲ್ಲಿ.

ಒಂದೇ ಯಂತ್ರದಲ್ಲಿ ಹಲವು ಗೇಮ್ ಸರ್ವರ್ ಇಟ್ಟವರಿಗೆಲ್ಲ ಇಂಥ ಪರಿಸ್ಥಿತಿ ಒಂದಲ್ಲ ಒಂದು ದಿನ ಎದುರಾಗುತ್ತದೆ. ಇಲ್ಲಿ ಯಂತ್ರ 8 ಕೋರ್, 32 ಜಿಬಿ ರ್‍ಯಾಮ್‌ನದು, ಮೇಲೆ ಡೆಬಿಯನ್ 12 ಲಿನಕ್ಸ್. ಸರ್ವರ್‌ಗಳು ಆರು: ಮೈನ್‌ಕ್ರಾಫ್ಟ್ ಜಾವಾ ಎರಡು (ಎರಡೂ ಪೇಪರ್ ಎಂಬ ಸರ್ವರ್ ತಂತ್ರಾಂಶದ ಮೇಲೆ), ಟೀಮ್ ಫೋರ್ಟ್ರೆಸ್ 2 ಎರಡು, ವ್ಯಾಲ್‌ಹೈಮ್ ಎರಡು. ಗುರುತಿಗೆ ಅವನ್ನು ಇದೇ ಕ್ರಮದಲ್ಲಿ ಕಾಡು, ಕಟ್ಟಡ, ಬಯಲು, ಪೇಟೆ, ಹಿನ್ನೀರು, ದಿಬ್ಬ ಎಂದು ಕರೆಯೋಣ. ಆಯ್ಕೆಗಳ ಮತ್ತು ಫೈಲ್‌ಗಳ ಹೆಸರನ್ನು ಮುಂದೆ ಉಚ್ಚಾರದಂತೆ ಕನ್ನಡದಲ್ಲಿ ಬರೆದಿದೆ. ಯಂತ್ರದಲ್ಲಿ ಅವು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು ಎಂದು ಬೇರೆ ಹೇಳಬೇಕಿಲ್ಲ.

ಎರಡನೇ ಸರ್ವರ್ ಹುಟ್ಟಿದ ಬಗೆ ಎಲ್ಲ ಕಡೆಯೂ ಒಂದೇ: ಮೊದಲನೆಯ ಫೋಲ್ಡರನ್ನು ಇಡಿಯಾಗಿ ನಕಲು ಮಾಡಿ, ದೋಷ ತೋರಿಸಿ ಕೂಗಾಡಿದ ಸಾಲನ್ನಷ್ಟೇ ತಿದ್ದುವುದು. ಕೂಗಾಡದ ಸಾಲುಗಳು ಹಾಗೇ ಉಳಿದುಬಿಡುತ್ತವೆ.

ಕೂಗಾಡದ ಸಾಲು

ಕಾಡು ಸರ್ವರ್‌ನ ಫೋಲ್ಡರನ್ನು ನಕಲು ಮಾಡಿ ಕಟ್ಟಡವನ್ನು ಶುರು ಮಾಡಿದರೆ, ಪೋರ್ಟ್ (ಯಂತ್ರದೊಳಗೆ ಬರುವ ಸಂಖ್ಯೆಯ ಬಾಗಿಲು) ಹಿಡಿಯಲು ಆಗಲಿಲ್ಲ ಎಂದು ದೊಡ್ಡಕ್ಷರದಲ್ಲಿ ಬರೆದು ಅದು ನಿಂತುಬಿಡುತ್ತದೆ. 25565 ಆಗಲೇ ಕಾಡಿನ ಕೈಯಲ್ಲಿದೆ. ‘ಸರ್ವರ್ ಪ್ರಾಪರ್ಟೀಸ್’ ಫೈಲಿನಲ್ಲಿ ಸರ್ವರ್-ಪೋರ್ಟ್ ಬದಲಿಸಿದರೆ ಶುರುವಾಗುತ್ತದೆ, ಆಟಗಾರರೂ ಒಳಗೆ ಬರುತ್ತಾರೆ. ಕೆಲಸ ಮುಗಿಯಿತು ಅನಿಸುತ್ತದೆ.

ಅದೇ ಫೈಲಿನಲ್ಲಿ ಆರ್‌ಕಾನ್ ಪೋರ್ಟ್ ಎಂಬ ಇನ್ನೊಂದು ಸಾಲಿದೆ. ಹೊರಗಿನಿಂದ ಆಜ್ಞೆ ಕಳಿಸುವ ಬಾಗಿಲು ಅದು, ಯಾರೂ ಬದಲಿಸದಿದ್ದರೆ ಅದರ ಮೂಲ ಬೆಲೆ (ಡಿಫಾಲ್ಟ್) 25575. ಆಟದ ಪೋರ್ಟ್ ಸಿಗದಿದ್ದರೆ ನಿಲ್ಲುವ ಸರ್ವರ್, ಆರ್‌ಕಾನ್ ಪೋರ್ಟ್ ಸಿಗದಿದ್ದರೆ ಒಂದು ಎಚ್ಚರಿಕೆ ಸಾಲು ಬರೆದು ಮುಂದೆ ಹೋಗುತ್ತದೆ. ನೂರಾರು ಸಾಲುಗಳ ನಡುವೆ ಆ ಸಾಲು ಯಾರ ಕಣ್ಣಿಗೂ ಬೀಳುವುದಿಲ್ಲ.

ಈಗ ಬ್ಯಾಕಪ್ ನೋಡಿ. ವರ್ಲ್ಡ್ ನಕಲು ಮಾಡುವ ಮುನ್ನ ‘ಸೇವ್-ಆಫ್’ (ತಾನಾಗಿ ಉಳಿಸುವುದನ್ನು ನಿಲ್ಲಿಸು), ಆಮೇಲೆ ‘ಸೇವ್-ಆಲ್ ಫ್ಲಶ್’ (ಈಗಿನದನ್ನೆಲ್ಲ ಡಿಸ್ಕಿಗೆ ಬರೆ) ಕಳಿಸಬೇಕು, ನಕಲು ಮುಗಿದ ಮೇಲೆ ‘ಸೇವ್-ಆನ್’ (ಮತ್ತೆ ಉಳಿಸತೊಡಗು). ಕಟ್ಟಡದ ಸ್ಕ್ರಿಪ್ಟ್ ಈ ಆಜ್ಞೆಗಳನ್ನು 25575ಕ್ಕೆ ಕಳಿಸುತ್ತಿತ್ತು. ಅಲ್ಲಿ ಕಿವಿಗೊಟ್ಟು ಕೂತಿದ್ದದ್ದು ಕಾಡು. ಫೋಲ್ಡರ್ ನಕಲಾದಾಗ ಪಾಸ್‌ವರ್ಡ್ ಕೂಡ ನಕಲಾಗಿತ್ತು, ಹಾಗಾಗಿ ಕಾಡು ಒಪ್ಪಿಕೊಂಡು, ಉಳಿಸುವುದನ್ನು ನಿಲ್ಲಿಸಿದೆ ಎಂದು ಸೌಜನ್ಯದಿಂದ ಉತ್ತರಿಸಿತು. ಕಟ್ಟಡಕ್ಕೆ ಈ ಸುದ್ದಿಯೇ ಇಲ್ಲ. ಅದು ವರ್ಲ್ಡ್ ಇರುವ ತನ್ನ ರೀಜನ್ ಫೈಲ್‌ಗಳನ್ನು ಬರೆಯುತ್ತಲೇ ಇತ್ತು, ಸ್ಕ್ರಿಪ್ಟ್ ಬರೆಯುತ್ತಿರುವ ಫೈಲನ್ನೇ ನಕಲು ಮಾಡಿತು. ರಾತ್ರಿ ಒಂಬತ್ತರ ಬ್ಯಾಕಪ್‌ಗಳೇ ಹೆಚ್ಚು ಹಾಳಾಗಿದ್ದದ್ದು ಇದಕ್ಕೇ. ಆ ಹೊತ್ತಿಗೆ ಆಟಗಾರರು ಹೆಚ್ಚು, ಬರವಣಿಗೆಯೂ ಹೆಚ್ಚು.

ಮದ್ದು ಎರಡು ಭಾಗದ್ದು. ಆರ್‌ಕಾನ್ ಪೋರ್ಟ್ ಬೇರೆ ಮಾಡುವುದು ಒಂದು, ಅದು ಎಲ್ಲರಿಗೂ ಹೊಳೆಯುತ್ತದೆ. ಪ್ರತಿ ಸರ್ವರ್‌ಗೂ ಬೇರೆಯದೇ ಆರ್‌ಕಾನ್ ಪಾಸ್‌ವರ್ಡ್ ಕೊಡುವುದು ಇನ್ನೊಂದು, ಇದು ಮೊದಲನೆಯದಕ್ಕಿಂತ ಮುಖ್ಯ. ಪಾಸ್‌ವರ್ಡ್ ಬೇರೆಯಾಗಿದ್ದರೆ ತಪ್ಪು ಸರ್ವರ್ ಬಾಗಿಲು ತೆರೆಯುವುದಿಲ್ಲ, ಸ್ಕ್ರಿಪ್ಟ್ ಅಲ್ಲೇ ಸೋಲುತ್ತದೆ, ಸೋತದ್ದು ಲಾಗ್‌ನಲ್ಲಿ ಕಾಣುತ್ತದೆ. ಪಾಸ್‌ವರ್ಡ್ ಇಲ್ಲಿ ಬೀಗವೂ ಹೌದು, ವಿಳಾಸ ಸರಿಯಾಗಿದೆಯೇ ಎಂಬ ಪರೀಕ್ಷೆಯೂ ಹೌದು.

‘ಸೇವ್-ಆನ್’ ಬಗ್ಗೆ ಒಂದು ಮಾತು. ನಕಲು ನಡುವೆ ಮುರಿದರೂ ಅದು ಹೋಗಲೇಬೇಕು. ಸ್ಕ್ರಿಪ್ಟ್ ಹೇಗೆ ಮುಗಿದರೂ ಓಡುವ, ಶೆಲ್‌ನ ‘ಟ್ರ್ಯಾಪ್’ ಒಳಗೆ ಅದನ್ನು ಇಡದಿದ್ದರೆ, ಡಿಸ್ಕ್ ತುಂಬಿ ಬ್ಯಾಕಪ್ ನಿಂತ ದಿನ ಸರ್ವರ್ ತಾನಾಗಿ ಉಳಿಸುವುದನ್ನೇ ಬಿಟ್ಟಿರುತ್ತದೆ. ಆಮೇಲೆ ಯಂತ್ರ ಕೆಟ್ಟು ನಿಂತರೆ ಅಷ್ಟೂ ಹೊತ್ತಿನ ಆಟ ಹೋಯಿತು.

ಇಬ್ಬರು ಉಪ್ಪು ಹಾಕಿದ ಸಾರು

ಉಳಿದ ನಾಲ್ಕು ಸರ್ವರ್‌ಗಳ ತೊಂದರೆಗಳನ್ನು ಒಂದೊಂದಾಗಿ ಬಿಡಿಸಿದರೆ ಎಲ್ಲದರ ಬುಡದಲ್ಲೂ ಒಂದೇ ಪ್ರಶ್ನೆ ಸಿಗುತ್ತದೆ: ಈ ಫೈಲನ್ನು ಬರೆಯುವವರು ಯಾರು? ಮನುಷ್ಯ ಮಾತ್ರ ಬರೆಯುವ ಫೈಲ್‌ಗಳಿವೆ, ಸರ್ವರ್ ಮಾತ್ರ ಬರೆಯುವವಿವೆ. ಇವೆರಡರಿಂದ ತಂಟೆ ಕಡಿಮೆ. ಇಬ್ಬರೂ ಬರೆಯುವ ಫೈಲ್, ಅಥವಾ ಎರಡು ಸರ್ವರ್ ಸೇರಿ ಬರೆಯುವ ಫೈಲ್, ಅತ್ತೆಯೂ ಸೊಸೆಯೂ ಒಬ್ಬರಿಗೆ ಗೊತ್ತಿಲ್ಲದೆ ಇನ್ನೊಬ್ಬರು ಉಪ್ಪು ಹಾಕಿದ ಸಾರಿನ ಹಾಗೆ.

ಸರ್ವರ್ ಪ್ರಾಪರ್ಟೀಸ್ ಇದಕ್ಕೆ ಮೊದಲ ಉದಾಹರಣೆ. ಮನುಷ್ಯ ತಿದ್ದಲೆಂದೇ ಇರುವ ಫೈಲ್ ಅದು ಎಂದು ನಂಬುತ್ತೇವೆ. ಆದರೆ ಮೈನ್‌ಕ್ರಾಫ್ಟ್ ಪ್ರತಿ ಸಲ ಶುರುವಾಗುವಾಗ ಅದನ್ನು ಓದಿ, ತಾನೇ ಮತ್ತೆ ಬರೆಯುತ್ತದೆ. ನಾವು ಬರೆದಿಟ್ಟ ಟಿಪ್ಪಣಿ ಸಾಲುಗಳು ಆಗ ಹೋಗುತ್ತವೆ, ಮೇಲ್ಗಡೆ ಹೊಸ ದಿನಾಂಕ ಬಂದು ಕೂರುತ್ತದೆ. ಫೈಲನ್ನು ನೇರವಾಗಿ ಗಿಟ್‌ಗೆ (ಫೈಲ್ ಬದಲಾವಣೆಗಳ ಇತಿಹಾಸ ಇಡುವ ಉಪಕರಣಕ್ಕೆ) ಸೇರಿಸಿದವರಿಗೆ ಪ್ರತಿ ರೀಸ್ಟಾರ್ಟ್‌ಗೂ ಒಂದು ಹುಸಿ ಬದಲಾವಣೆ ಕಾಣುವುದು ಇದರಿಂದ. ಸರ್ವರ್ ಓಡುತ್ತಿರುವಾಗ ನಾವು ವ್ಯೂ-ಡಿಸ್ಟನ್ಸ್ (ಆಟಗಾರನಿಗೆ ಕಾಣುವ ದೂರ) ಅನ್ನು 10ರಿಂದ 8ಕ್ಕೆ ಇಳಿಸಿ ಉಳಿಸಿದೆವು ಅನ್ನಿ. ಅಷ್ಟರಲ್ಲಿ ಆಟದೊಳಗಿನ ಆಪರೇಟರ್ (ಸರ್ವರ್‌ಗೆ ಆಜ್ಞೆ ಕೊಡುವ ಹಕ್ಕಿರುವ ಆಟಗಾರ) ‘ವೈಟ್‌ಲಿಸ್ಟ್ ಆನ್’ (ಪಟ್ಟಿಯಲ್ಲಿರುವವರನ್ನು ಮಾತ್ರ ಒಳಗೆ ಬಿಡು) ಎಂದರೆ, ಸರ್ವರ್ ಆ ಒಂದು ಬದಲಾವಣೆಯನ್ನು ಉಳಿಸಲು ನೆನಪಿನಲ್ಲಿರುವ ಇಡೀ ಪಟ್ಟಿಯನ್ನು ಫೈಲಿಗೆ ಬರೆಯುತ್ತದೆ. ನಮ್ಮ 8 ಮತ್ತೆ 10 ಆಗುತ್ತದೆ, ಹೇಳುವವರಿಲ್ಲ, ಕೇಳುವವರಿಲ್ಲ.

ಕಾಡು ಮತ್ತು ಕಟ್ಟಡಕ್ಕೆ ಆಪರೇಟರ್‌ಗಳೂ ವೈಟ್‌ಲಿಸ್ಟೂ ಒಂದೇ ಇರಲಿ ಎಂದು ‘ಆಪ್ಸ್ ಜೇಸನ್’ ಮತ್ತು ‘ವೈಟ್‌ಲಿಸ್ಟ್ ಜೇಸನ್’ ಫೈಲ್‌ಗಳನ್ನು ಸಿಮ್‌ಲಿಂಕ್ ಮಾಡಿ ಒಂದೇ ಕಡೆ ತೋರಿಸಿದ್ದರು. ಜಾಣತನದಂತೆ ಕಾಣುವ ಈ ಉಪಾಯ ಮೊದಲ ದಿನವೇ ಕೆಡುವುದಿಲ್ಲ. ಎರಡೂ ಸರ್ವರ್ ಶುರುವಾಗುವಾಗ ಪಟ್ಟಿಯನ್ನು ನೆನಪಿಗೆ ಎತ್ತಿಕೊಳ್ಳುತ್ತವೆ. ಕಾಡಿನಲ್ಲಿ ಒಬ್ಬರನ್ನು ಸೇರಿಸಿದರೆ ಕಾಡು ತನ್ನ ಪಟ್ಟಿಯನ್ನು ಫೈಲಿಗೆ ಬರೆಯುತ್ತದೆ. ಅರ್ಧ ಗಂಟೆ ಬಿಟ್ಟು ಕಟ್ಟಡದಲ್ಲಿ ಇನ್ನೊಬ್ಬರನ್ನು ಸೇರಿಸಿದರೆ, ಕಾಡು ಸೇರಿಸಿದವರ ಹೆಸರಿಲ್ಲದ ತನ್ನ ಹಳೆಯ ಪಟ್ಟಿಗೆ ಹೊಸ ಹೆಸರು ಕೂಡಿಸಿ ಕಟ್ಟಡ ಬರೆಯುತ್ತದೆ. ಕೊನೆಗೆ ಬರೆದವರದೇ ಗೆಲುವು. ಕಾಡಿನಲ್ಲಿ ಸೇರಿದ ಆಟಗಾರ ಮುಂದಿನ ರೀಸ್ಟಾರ್ಟ್ ತನಕ ಆರಾಮಾಗಿ ಆಡುತ್ತಾನೆ, ಆಮೇಲೆ ಬಾಗಿಲಲ್ಲೇ ನಿಲ್ಲುತ್ತಾನೆ.

ಬಯಲು ಮತ್ತು ಪೇಟೆಯಲ್ಲಿ ಇದೇ ರೋಗ ನಿಷೇಧಿತರ ಪಟ್ಟಿಗೆ ತಗುಲಿತ್ತು. ಟೀಮ್ ಫೋರ್ಟ್ರೆಸ್ 2ರ ಸರ್ವರ್ ಫೈಲ್‌ಗಳು ಹತ್ತು ಜಿಬಿಗಿಂತ ಹೆಚ್ಚು ಜಾಗ ತಿನ್ನುತ್ತವೆ, ಆದ್ದರಿಂದ ಎರಡು ಸರ್ವರ್ ಒಂದೇ ಇನ್‌ಸ್ಟಾಲ್‌ನಿಂದ ಓಡುತ್ತಿದ್ದವು. ‘ಸರ್ವರ್‌ಸಿಎಫ್‌ಜಿಫೈಲ್’ ಆಯ್ಕೆಯಿಂದ ಎರಡಕ್ಕೂ ಬೇರೆ ಬೇರೆ ಕಾನ್ಫಿಗ್ ಕೊಟ್ಟಿದ್ದದ್ದೇನೋ ಸರಿ. ಆದರೆ ‘ರೈಟ್‌ಐಡಿ’ ಆಜ್ಞೆ ತನ್ನ ಪ್ರೊಸೆಸ್‌ನ ನೆನಪಿನಲ್ಲಿರುವ ನಿಷೇಧಗಳನ್ನು ಸಿಎಫ್‌ಜಿ ಫೋಲ್ಡರ್‌ನ ‘ಬ್ಯಾನ್ಡ್ ಯೂಸರ್’ ಫೈಲಿಗೆ ಸುರಿಯುತ್ತದೆ, ಆ ಫೋಲ್ಡರ್ ಇಬ್ಬರಿಗೂ ಒಂದೇ. ಬಯಲಿನಲ್ಲಿ ಹೊರಹಾಕಿದವನು ಪೇಟೆಯ ಒಂದು ‘ರೈಟ್‌ಐಡಿ’ ನಂತರ ಪಟ್ಟಿಯಿಂದ ಮಾಯ. ಇಷ್ಟು ಸಾಲದೆಂಬಂತೆ, ಆ ಫೈಲನ್ನು ಓದು ಎಂದು ಸರ್ವರ್ ಕಾನ್ಫಿಗ್‌ನಲ್ಲಿ ‘ಎಕ್ಸೆಕ್’ ಸಾಲು ಬರೆಯದಿದ್ದರೆ ರೀಸ್ಟಾರ್ಟ್ ಆದ ಮೇಲೆ ಯಾವ ನಿಷೇಧವೂ ಲೆಕ್ಕಕ್ಕಿಲ್ಲ.

ಟೀಮ್ ಫೋರ್ಟ್ರೆಸ್ 2 ನಿಂತಿರುವ ಸೋರ್ಸ್ ಎಂಜಿನ್‌ನ ಇನ್ನೊಂದು ಗುಣ ಇಲ್ಲೇ ಹೇಳಿಬಿಡಬೇಕು. ಮೈನ್‌ಕ್ರಾಫ್ಟ್ ಪೋರ್ಟ್ ಸಿಗದಿದ್ದರೆ ನಿಲ್ಲುತ್ತದೆ. ಸೋರ್ಸ್ ಸರ್ವರ್ ಪಕ್ಕದ ಪೋರ್ಟ್ ಹಿಡಿದು ಕೂರುತ್ತದೆ: 27015 ಇಲ್ಲವೇ, 27016 ಆಗಲಿ. ಪೇಟೆಗೆ ಪೋರ್ಟ್ ಕೊಟ್ಟೇ ಇರಲಿಲ್ಲ. ಅದು ಯಾವಾಗಲೂ ಎರಡನೆಯದಾಗಿ ಶುರುವಾಗಿ 27016ರಲ್ಲಿ ಸಿಗುತ್ತಿತ್ತು, ಆಟಗಾರರೂ ಆ ವಿಳಾಸವನ್ನೇ ಉಳಿಸಿಟ್ಟುಕೊಂಡಿದ್ದರು. ಯಂತ್ರ ರೀಬೂಟ್ ಆದಾಗ ಪೇಟೆ ಮೊದಲು ಎದ್ದಿತು, 27015 ಹಿಡಿಯಿತು, ಎರಡೂ ಊರು ಅದಲುಬದಲಾದವು. ‘ಪೋರ್ಟ್’ ಜೊತೆಗೆ ‘ಸ್ಟ್ರಿಕ್ಟ್‌ಪೋರ್ಟ್‌ಬೈಂಡ್’ ಎಂಬ ಆಯ್ಕೆಯನ್ನೂ ಕೊಟ್ಟರೆ ಈ ಧಾರಾಳತನ ನಿಲ್ಲುತ್ತದೆ, ಸಿಗದ ಪೋರ್ಟಿಗೆ ಸರ್ವರ್ ಸೋಲುತ್ತದೆ. ಸೋಲುವ ಸರ್ವರ್, ಸುಮ್ಮನೆ ಜಾಗ ಬದಲಿಸುವ ಸರ್ವರ್‌ಗಿಂತ ಸಾವಿರ ಪಾಲು ಮೇಲು.

ವ್ಯಾಲ್‌ಹೈಮ್‌ಗೆ ಸರ್ವರ್ ಸೆಟ್ಟಿಂಗ್ ಇಡುವ ಕಾನ್ಫಿಗ್ ಫೈಲೇ ಇಲ್ಲ. ಹೆಸರು, ಪೋರ್ಟ್, ವರ್ಲ್ಡ್, ಪಾಸ್‌ವರ್ಡ್ ಎಲ್ಲವೂ ಶುರು ಮಾಡುವ ಆಜ್ಞೆಯ ಸಾಲಿನಲ್ಲೇ ಹೋಗುತ್ತವೆ. ಜೊತೆಗೆ ಬರುವ ‘ಸ್ಟಾರ್ಟ್ ಸರ್ವರ್’ ಸ್ಕ್ರಿಪ್ಟನ್ನು ತಿದ್ದಿಟ್ಟರೆ ಅಪ್‌ಡೇಟ್ ಬಂದಾಗ ಆಟಗಳನ್ನು ಹಂಚುವ ಸ್ಟೀಮ್ ಅದನ್ನು ಮೂಲದಂತೆ ಮಾಡಿಬಿಡುತ್ತದೆ. ನಕಲು ಮಾಡಿ ಬಳಸಿ ಎಂದು ಆ ಸ್ಕ್ರಿಪ್ಟೇ ಹೇಳುತ್ತದೆ, ಓದುವವರು ಕಡಿಮೆ. ವರ್ಲ್ಡ್‌ಗಳೂ, ಅಡ್ಮಿನ್, ಅನುಮತಿ ಪಡೆದವರು, ನಿಷೇಧಿತರು ಎಂಬ ಮೂರು ಪಟ್ಟಿಗಳೂ ಯೂಸರ್‌ನ ಹೋಮ್ ಒಳಗಿನ ಅಡಗಿದ ಕಾನ್ಫಿಗ್ ಫೋಲ್ಡರಿಗೆ ಹೋಗುತ್ತವೆ. ಹಿನ್ನೀರು ಮತ್ತು ದಿಬ್ಬ ಒಂದೇ ಯೂಸರ್ ಹೆಸರಿನಲ್ಲಿ ಓಡುತ್ತಿದ್ದರಿಂದ, ಹಿನ್ನೀರಿನ ಅಡ್ಮಿನ್ ದಿಬ್ಬದಲ್ಲೂ ಅಡ್ಮಿನ್ ಆಗಿದ್ದ. ವರ್ಲ್ಡ್ ಹೆಸರು ಬೇರೆ ಬೇರೆ ಇದ್ದದ್ದು ಪುಣ್ಯ. ಒಂದೇ ಹೆಸರಿದ್ದರೆ ಇಬ್ಬರೂ ಒಂದೇ ವರ್ಲ್ಡ್ ಫೈಲಿನ ಮೇಲೆ ಬರೆಯುತ್ತಿದ್ದರು. ‘ಸೇವ್‌ಡಿರ್’ ಆಯ್ಕೆಯಿಂದ ಫೋಲ್ಡರ್ ಬೇರೆ ಮಾಡಬಹುದು. ಪೋರ್ಟ್ ವಿಷಯದಲ್ಲಿ ಒಂದು ಎಚ್ಚರ: 2456 ಎಂದು ಕೊಟ್ಟರೆ ಅದು 2457 ಅನ್ನೂ ಹಿಡಿಯುತ್ತದೆ, ಎರಡನೆಯದಕ್ಕೆ 2457 ಕೊಡುವಂತಿಲ್ಲ. ಪಾಸ್‌ವರ್ಡ್ ಕನಿಷ್ಠ 5 ಅಕ್ಷರ ಇರಬೇಕು, ಸರ್ವರ್ ಹೆಸರಿನೊಳಗೆ ಅದು ಬರಬಾರದು.

ಬರೆಯುವವರನ್ನು ಹಿಡಿಯುವುದು

ಯಾವ ಫೈಲನ್ನು ಯಾರು ಬರೆಯುತ್ತಾರೆ ಎಂದು ಊಹಿಸುತ್ತಾ ಕೂರುವ ಅಗತ್ಯವಿಲ್ಲ, ಅಳೆಯಬಹುದು. ಸರ್ವರ್ ನಿಲ್ಲಿಸಿ, ಫೋಲ್ಡರಿನಲ್ಲಿ ‘ಟಚ್’ ಆಜ್ಞೆಯಿಂದ ಒಂದು ಖಾಲಿ ಗುರುತಿನ ಫೈಲ್ ಮಾಡಿ. ಸರ್ವರ್ ಶುರು ಮಾಡಿ, ಹತ್ತು ನಿಮಿಷ ಓಡಿಸಿ. ಆ ಹೊತ್ತಿನಲ್ಲಿ ಒಬ್ಬರನ್ನು ಆಪರೇಟರ್ ಮಾಡಿ, ವೈಟ್‌ಲಿಸ್ಟ್ ಹಾಕಿ ತೆಗೆಯಿರಿ, ಒಬ್ಬರನ್ನು ನಿಷೇಧಿಸಿ ಬಿಡಿ, ನಕ್ಷೆ ಬದಲಿಸಿ. ನಿಲ್ಲಿಸಿದ ಮೇಲೆ ‘ಫೈಂಡ್’ ಆಜ್ಞೆಗೆ ‘ನ್ಯೂಯರ್’ ಕೊಟ್ಟು ಗುರುತಿನ ಫೈಲಿಗಿಂತ ಹೊಸದಾದವನ್ನು ಹುಡುಕಿ. ಬಂದ ಪಟ್ಟಿಯೇ ಸರ್ವರ್ ಬರೆಯುವ ಫೈಲ್‌ಗಳು. ಈ ಪರೀಕ್ಷೆಯನ್ನು ಯೂಸರ್‌ನ ಹೋಮ್ ಫೋಲ್ಡರಿನ ಮೇಲೂ ಮಾಡಬೇಕು. ವ್ಯಾಲ್‌ಹೈಮ್‌ನಂಥವು ಸಿಕ್ಕಿಬೀಳುವುದು ಅಲ್ಲೇ.

ಹೀಗೆ ಮೂರು ಗುಂಪಾದವು. ಮನುಷ್ಯರವು: ಟೀಮ್ ಫೋರ್ಟ್ರೆಸ್‌ನ ಸರ್ವರ್ ಕಾನ್ಫಿಗ್, ನಕ್ಷೆಗಳ ಸರದಿ, ವ್ಯಾಲ್‌ಹೈಮ್‌ನ ಆಜ್ಞೆಯ ಸಾಲು, ಜಾವಾದ ಮೆಮೊರಿ ಆಯ್ಕೆಗಳು. ಸರ್ವರ್‌ನವು: ಆಪರೇಟರ್, ವೈಟ್‌ಲಿಸ್ಟ್, ನಿಷೇಧಗಳ ಪಟ್ಟಿಗಳು. ಇವನ್ನು ಯಾರೂ ಕೈಯಿಂದ ತಿದ್ದಬಾರದು, ಸಿಮ್‌ಲಿಂಕ್ ಮಾಡಬಾರದು, ವರ್ಲ್ಡ್ ಜೊತೆ ಬ್ಯಾಕಪ್ ಆದರೆ ಸಾಕು. ಎರಡು ಸರ್ವರ್‌ಗೆ ಒಂದೇ ಪಟ್ಟಿ ಬೇಕಿದ್ದರೆ ಅದೇ ಆಜ್ಞೆಯನ್ನು ಆರ್‌ಕಾನ್ ಮೂಲಕ ಎರಡಕ್ಕೂ ಕಳಿಸುವ ಮೂರು ಸಾಲಿನ ಸ್ಕ್ರಿಪ್ಟ್ ಸಾಕು. ಪ್ರತಿ ಸರ್ವರ್ ತನ್ನ ಫೈಲನ್ನು ತಾನೇ ಬರೆದುಕೊಳ್ಳುತ್ತದೆ.

ಮೂರನೇ ಗುಂಪು ಇಬ್ಬರೂ ಬರೆಯುವವು: ಸರ್ವರ್ ಪ್ರಾಪರ್ಟೀಸ್ ಮತ್ತು ಪೇಪರ್‌ನ ಯಾಮ್ಲ್ ರೂಪದ ಸೆಟ್ಟಿಂಗ್ ಫೈಲ್‌ಗಳು. ಇಲ್ಲಿ ಒಂದು ತೀರ್ಪು ಕೊಡಲೇಬೇಕಾಯಿತು: ಮನುಷ್ಯ ಬರೆದ ಪ್ರತಿಯೇ ಮೂಲ, ಸರ್ವರ್ ಬರೆದದ್ದು ಪ್ರತಿ ಸಲ ಶುರುವಾಗುವಾಗ ಅಳಿಸಿಹೋಗುತ್ತದೆ. ಆಟದೊಳಗಿಂದ ‘ವೈಟ್‌ಲಿಸ್ಟ್ ಆನ್’ ಎಂದವರ ಬದಲಾವಣೆ ಮುಂದಿನ ರೀಸ್ಟಾರ್ಟ್ ತನಕ ಮಾತ್ರ. ಶಾಶ್ವತವಾಗಿ ಬೇಕಿದ್ದರೆ ಮೂಲದಲ್ಲಿ ಬರೆಯಲಿ. ಇದು ಆಪರೇಟರ್‌ಗಳಿಗೆ ಮೊದಲ ವಾರ ಸಿಟ್ಟು ತರಿಸುವ ನಿಯಮ, ಆದರೂ ಬೇರೆ ದಾರಿಯಿಲ್ಲ. ಅಳಿಸುವ ಮುನ್ನ ಹಳೆಯ ಮತ್ತು ಹೊಸ ಪ್ರತಿಯ ವ್ಯತ್ಯಾಸವನ್ನು ಲಾಗ್‌ಗೆ ಬರೆದರೆ ಯಾರ ಬದಲಾವಣೆ ಹೋಯಿತು ಎಂಬುದಾದರೂ ತಿಳಿಯುತ್ತದೆ.

ಪೇಪರ್ ಫೈಲ್‌ಗಳಿಗೆ ಈ ನಿಯಮವನ್ನು ಹಾಗೇ ಹಾಕಲಾಗದು. ಅವುಗಳಲ್ಲಿ ಆವೃತ್ತಿ ಸಂಖ್ಯೆಯಿದೆ, ಹೊಸ ಪೇಪರ್ ಬಂದಾಗ ಅದು ಫೈಲನ್ನು ಹೊಸ ರೂಪಕ್ಕೆ ತಾನೇ ಬದಲಿಸುತ್ತದೆ. ನಮ್ಮ ಹಳೆಯ ಪ್ರತಿಯನ್ನು ಅದರ ಮೇಲೆ ಪ್ರತಿ ಸಲ ಹೇರಿದರೆ ಆ ಬದಲಾವಣೆ ಪ್ರತಿ ಸಲವೂ ಮೊದಲಿನಿಂದ ನಡೆಯಬೇಕು. ಅಲ್ಲಿ ಇಡೀ ಫೈಲ್ ಬರೆಯದೆ, ನಮಗೆ ಬೇಕಾದ ನಾಲ್ಕೈದು ಕೀಲಿಗಳನ್ನಷ್ಟೇ (ಸೆಟ್ಟಿಂಗ್ ಹೆಸರುಗಳು) ಯಾಮ್ಲ್ ತಿದ್ದುವ ‘ವೈಕ್ಯೂ’ ಉಪಕರಣದಿಂದ ಕೂರಿಸುವುದು ಒಳ್ಳೆಯದು. ಒಂದೇ ಸರ್ವರ್‌ನ ಬೇರೆ ಬೇರೆ ವರ್ಲ್ಡ್‌ಗಳ ಮಟ್ಟಿಗೆ ಪೇಪರ್‌ನಲ್ಲೇ ಪದರಗಳಿವೆ: 1.19ರಿಂದ ಈಚೆಗೆ ಕಾನ್ಫಿಗ್ ಫೋಲ್ಡರಿನ ‘ವರ್ಲ್ಡ್ ಡಿಫಾಲ್ಟ್ಸ್’ ಎಲ್ಲಕ್ಕೂ ಅನ್ವಯ, ವರ್ಲ್ಡ್ ಫೋಲ್ಡರಿನೊಳಗಿನ ಫೈಲಿನಲ್ಲಿ ವ್ಯತ್ಯಾಸ ಮಾತ್ರ.

ಬೆಲೆಗಳ ಫೈಲ್ ಮತ್ತು ಅಚ್ಚು

ಹೊಸ ವ್ಯವಸ್ಥೆಯಲ್ಲಿ ಪ್ರತಿ ಸರ್ವರ್‌ಗೂ ಒಂದು ಪುಟ್ಟ ಬೆಲೆಗಳ ಫೈಲ್. ಉಳಿದವಕ್ಕಿಂತ ಬೇರೆಯಾದದ್ದಷ್ಟೇ ಅದರಲ್ಲಿ: ಹೆಸರು, ಪೋರ್ಟ್‌ಗಳು, ಮೆಮೊರಿ, ಆಟಗಾರರ ಮಿತಿ, ವರ್ಲ್ಡ್, ಜಾರ್ (ಜಾವಾ ಪ್ರೋಗ್ರಾಂ ಫೈಲ್) ಆವೃತ್ತಿ. ಹತ್ತು-ಹನ್ನೆರಡು ಸಾಲು ಮೀರುವುದಿಲ್ಲ. ಸಾಮಾನ್ಯವಾದದ್ದೆಲ್ಲ ಆಟಕ್ಕೊಂದರಂತೆ, ಬೆಲೆ ತುಂಬಲು ಜಾಗ ಬಿಟ್ಟ ಮೂರು ಅಚ್ಚುಗಳಲ್ಲಿ. ಬೆಲೆಗಳು, ಅಚ್ಚುಗಳು, ಸ್ಕ್ರಿಪ್ಟ್‌ಗಳು ಗಿಟ್‌ನಲ್ಲಿ. ಅಚ್ಚಿನಿಂದ ಹುಟ್ಟಿದ ಫೈಲ್‌ಗಳು ಗಿಟ್‌ನಿಂದ ಹೊರಗೆ.

ಪೋರ್ಟ್‌ಗಳಿಗೆ ನೂರರ ಅಂತರ ಇಟ್ಟದ್ದು ಸುಮ್ಮನೆ ಅಲ್ಲ. ಸೋರ್ಸ್ ಸರ್ವರ್ 27015ರ ಜೊತೆ 27020 (ಆಟ ನೋಡುವವರಿಗಾಗಿ ಇರುವ ಸೋರ್ಸ್ ಟಿವಿ) ಮತ್ತು 27005 (ಕ್ಲೈಂಟ್ ಪೋರ್ಟ್) ಅನ್ನೂ ಬಳಸುತ್ತದೆ. ಒಂದೊಂದೇ ಏರಿಸುತ್ತಾ ಹೋದರೆ ಆರನೇ ಸರ್ವರ್ ಮೊದಲನೆಯದರ ಟಿವಿ ಪೋರ್ಟಿಗೆ ಡಿಕ್ಕಿ ಹೊಡೆಯುತ್ತದೆ. ಕೆಳಗಿನ ಪಟ್ಟಿಯ ಟಿಸಿಪಿ, ಯುಡಿಪಿ ಎಂಬುವು ಜಾಲದಲ್ಲಿ ಮಾಹಿತಿ ಸಾಗುವ ಎರಡು ಬಗೆ.

ಕಾಡು: 25565 ಟಿಸಿಪಿ, ಆರ್‌ಕಾನ್ 25575
ಕಟ್ಟಡ: 25665 ಟಿಸಿಪಿ, ಆರ್‌ಕಾನ್ 25675
ಬಯಲು: 27015 ಯುಡಿಪಿ, ಟಿವಿ 27020, ಕ್ಲೈಂಟ್ 27005
ಪೇಟೆ: 27115 ಯುಡಿಪಿ, ಟಿವಿ 27120, ಕ್ಲೈಂಟ್ 27105
ಹಿನ್ನೀರು: 2456, 2457 ಯುಡಿಪಿ
ದಿಬ್ಬ: 2556, 2557 ಯುಡಿಪಿ

ಫೈರ್‌ವಾಲ್‌ನಲ್ಲಿ ಆಟದ ಪೋರ್ಟ್‌ಗಳು ಮಾತ್ರ ತೆರೆದಿರಲಿ. ಆರ್‌ಕಾನ್‌ನಲ್ಲಿ ಪಾಸ್‌ವರ್ಡ್ ಗೂಢಲಿಪಿಯಿಲ್ಲದೆ ಹೋಗುತ್ತದೆ, ಅದನ್ನು ಹೊರಗೆ ಬಿಡುವುದು ಸಲ್ಲ. ಸೋರ್ಸ್‌ನಲ್ಲಿ ಆರ್‌ಕಾನ್‌ಗೂ ಆಟಕ್ಕೂ ಸಂಖ್ಯೆ ಒಂದೇ, ಆಟ ಯುಡಿಪಿ, ಆರ್‌ಕಾನ್ ಟಿಸಿಪಿ. ಹಾಗಾಗಿ ‘27015 ತೆರೆ’ ಎಂದು ಎರಡನ್ನೂ ತೆರೆಯದೆ ಯುಡಿಪಿ ಮಾತ್ರ ತೆರೆಯಬೇಕು. ಕಟ್ಟಡದ ಆಟಗಾರರು ವಿಳಾಸದ ಜೊತೆ 25665 ಎಂದು ಬರೆಯುವುದು ತಪ್ಪಬೇಕಿದ್ದರೆ ಡಿಎನ್‌ಎಸ್‌ನಲ್ಲಿ ಪೋರ್ಟನ್ನೂ ಹೇಳುವ ಒಂದು ಎಸ್‌ಆರ್‌ವಿ ದಾಖಲೆ ಸಾಕು.

ಎಲ್ಲ ಬೆಲೆಗಳ ಫೈಲ್‌ಗಳಿಂದ ಪೋರ್ಟ್ ಸಾಲುಗಳನ್ನು ಹೆಕ್ಕಿ, ವಿಂಗಡಿಸಿ, ‘ಯುನಿಕ್’ ಆಜ್ಞೆಯ ‘ಡಿ’ ಆಯ್ಕೆಯಿಂದ ಎರಡು ಸಲ ಬಂದವನ್ನು ತೋರಿಸುವ ಒಂದು ಪರೀಕ್ಷೆ ಗಿಟ್ ಕಮಿಟ್‌ಗೆ ಮುನ್ನ ಓಡುತ್ತದೆ. ಓಡುತ್ತಿರುವ ಯಂತ್ರದಲ್ಲಿ ‘ಎಸ್‌ಎಸ್’ ಆಜ್ಞೆ ತೋರಿಸುವ, ಈಗ ಹಿಡಿದಿರುವ ಪೋರ್ಟ್‌ಗಳ ಪಟ್ಟಿಯನ್ನು ಇದರೊಂದಿಗೆ ಹೋಲಿಸಬೇಕು. ಕಟ್ಟಡದ ಆರ್‌ಕಾನ್ ತೊಂದರೆ ಅಂಥ ಒಂದು ಹೋಲಿಕೆಯಲ್ಲೇ ಕಾಣುತ್ತಿತ್ತು: 25575 ಒಂದು ಪಟ್ಟಿಯಲ್ಲಿ ಎರಡು ಸಲ ಇದೆ, ಇನ್ನೊಂದರಲ್ಲಿ ಒಂದೇ ಸಲ.

ಅಚ್ಚಿಗೆ ಬೆಲೆ ತುಂಬಲು ‘ಎನ್ವ್‌ಸಬ್ಸ್ಟ್’ ಸಾಕು, ಅದರ ಒಂದು ದುರ್ಗುಣ ಗೊತ್ತಿದ್ದರೆ. ಬೆಲೆ ಕೊಡದ ಹೆಸರಿದ್ದರೆ ಅದು ದೂರುವುದಿಲ್ಲ, ಆ ಜಾಗ ಖಾಲಿ ಬಿಡುತ್ತದೆ. ‘ಸರ್ವರ್-ಪೋರ್ಟ್=’ ಎಂದು ಖಾಲಿಯಾದ ಸಾಲನ್ನು ನೋಡಿದ ಮೈನ್‌ಕ್ರಾಫ್ಟ್ ಮೂಲ ಬೆಲೆಗೆ, ಅಂದರೆ 25565ಕ್ಕೆ, ಹೋಗುತ್ತದೆ. ಬೆಲೆಯ ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಕಟ್ಟಡ ಮತ್ತೆ ಕಾಡಿನ ಬಾಗಿಲಿಗೇ ಬಂದು ನಿಲ್ಲುತ್ತದೆ. ಆದ್ದರಿಂದ ತುಂಬಬೇಕಾದ ಹೆಸರುಗಳ ಪಟ್ಟಿಯನ್ನು ಎನ್ವ್‌ಸಬ್ಸ್ಟ್‌ಗೆ ಸ್ಪಷ್ಟವಾಗಿ ಕೊಟ್ಟು, ಅವುಗಳಲ್ಲಿ ಒಂದು ಖಾಲಿಯಿದ್ದರೂ ಸ್ಕ್ರಿಪ್ಟ್ ಅಲ್ಲೇ ನಿಲ್ಲುವಂತೆ ಮಾಡಿದೆ.

ಬೆಲೆಗಳ ಫೈಲನ್ನು ಇಬ್ಬರು ಓದುತ್ತಾರೆ: ಲಿನಕ್ಸ್‌ನಲ್ಲಿ ಸರ್ವರ್‌ಗಳನ್ನು ಓಡಿಸಿ ನಿಲ್ಲಿಸುವ ಸಿಸ್ಟಮ್‌ಡಿ ಮತ್ತು ಬ್ಯಾಕಪ್‌ನ ಬ್ಯಾಶ್ ಸ್ಕ್ರಿಪ್ಟ್. ಎರಡರ ವ್ಯಾಕರಣ ಒಂದೇ ಅಲ್ಲ. ಹೆಸರಿನಲ್ಲಿ ಖಾಲಿ ಜಾಗ ಇದ್ದು ಉದ್ಧರಣ ಚಿಹ್ನೆ ಇಲ್ಲದಿದ್ದರೆ ಸಿಸ್ಟಮ್‌ಡಿ ಒಪ್ಪುತ್ತದೆ, ಬ್ಯಾಶ್ ಎರಡನೇ ಪದವನ್ನು ಆಜ್ಞೆ ಎಂದುಕೊಂಡು ಓಡಿಸಲು ಹೋಗುತ್ತದೆ. ಜೋಡಿ ಉದ್ಧರಣದೊಳಗೆ ಡಾಲರ್ ಚಿಹ್ನೆ ಬಂದರೆ ಬ್ಯಾಶ್ ಅದನ್ನು ಬಿಡಿಸಲು ನೋಡುತ್ತದೆ, ಸಿಸ್ಟಮ್‌ಡಿ ಮುಟ್ಟುವುದಿಲ್ಲ. ಒಂಟಿ ಉದ್ಧರಣ ಚಿಹ್ನೆ ಇಬ್ಬರಿಗೂ ಸರಿಹೋಗುತ್ತದೆ.

ಕನ್ನಡದಲ್ಲಿ ಸ್ವಾಗತ ಸಾಲು ಬರೆಯುವವರಿಗೆ ಒಂದು ಸಣ್ಣ ಮಾತು. ಹಳೆಯ ಮೈನ್‌ಕ್ರಾಫ್ಟ್ ಆವೃತ್ತಿಗಳು ಸರ್ವರ್ ಪ್ರಾಪರ್ಟೀಸ್ ಫೈಲನ್ನು ಲ್ಯಾಟಿನ್-1 ಎಂದು ಓದುತ್ತವೆ, ನೇರ ಕನ್ನಡ ಬರೆದರೆ ಚಿತ್ರವಿಚಿತ್ರ ಅಕ್ಷರ ಬರುತ್ತದೆ. ಪ್ರತಿ ಅಕ್ಷರವನ್ನೂ ಅದರ ಯೂನಿಕೋಡ್ ಸಂಖ್ಯೆಯ ಎಸ್ಕೇಪ್ ರೂಪದಲ್ಲಿ ಬರೆದರೆ ಸರಿಯಾಗುತ್ತದೆ. ಅಷ್ಟಾದರೂ ಆಟದ ಪರದೆಯಲ್ಲಿ ಒತ್ತಕ್ಷರ ಕೂಡಿಕೊಳ್ಳುವುದಿಲ್ಲ, ‘ಕನ್ನಡ’ ಎಂಬ ಪದವೇ ಒಡೆದು ಕಾಣುತ್ತದೆ. ಒತ್ತಕ್ಷರವಿಲ್ಲದ ಪದಗಳನ್ನು ಆರಿಸಿದರೆ ಕಣ್ಣಿಗೆ ಹಿತ.

ಓಡಿಸುವುದು, ನಿಲ್ಲಿಸುವುದು

ಆಟಕ್ಕೊಂದು ಸಿಸ್ಟಮ್‌ಡಿ ಟೆಂಪ್ಲೇಟ್ ಯೂನಿಟ್ (ಸರ್ವರ್ ಓಡಿಸುವ ವಿವರವಿರುವ ಫೈಲ್). ಹೆಸರಿನ ಕೊನೆಯಲ್ಲಿ ‘@’ ಇರುವ ಇವು ‘%ಐ’ ಇದ್ದಲ್ಲಿ ಸರ್ವರ್ ಹೆಸರನ್ನು ತುಂಬಿಕೊಳ್ಳುತ್ತವೆ. ಪ್ರತಿ ಸರ್ವರ್‌ಗೂ ಬೇರೆ ಲಿನಕ್ಸ್ ಯೂಸರ್. ಒಂದು ಸರ್ವರ್ ಇನ್ನೊಂದರ ಫೈಲ್ ಮುಟ್ಟಲು ಹೋದರೆ ಅನುಮತಿ ಇಲ್ಲವೆಂಬ ದೋಷ ತಕ್ಷಣ ಬರುತ್ತದೆ. ಸುಮ್ಮನೆ ನಡೆಯುತ್ತಿದ್ದ ತಪ್ಪುಗಳು ಈಗ ಕೂಗುತ್ತವೆ.

ಅಚ್ಚು ತುಂಬುವ ಕೆಲಸ, ಸರ್ವರ್ ಶುರುವಾಗುವ ಮುನ್ನ ಓಡುವ ‘ಎಕ್ಸೆಕ್‌ಸ್ಟಾರ್ಟ್‌ಪ್ರೀ’ ಸಾಲಿನಲ್ಲಿ. ಪಾಸ್‌ವರ್ಡ್‌ಗಳು ಗಿಟ್‌ನ ಹೊರಗೆ, ರೂಟ್‌ಗೆ ಮಾತ್ರ ಓದಲು ಸಿಗುವ 0600 ಅನುಮತಿಯ ಫೈಲಿನಲ್ಲಿ. ‘ಎನ್ವಿರಾನ್ಮೆಂಟ್‌ಫೈಲ್’ ಅನ್ನು ಸಿಸ್ಟಮ್‌ಡಿ ರೂಟ್ ಆಗಿಯೇ ಓದಿ ಬೆಲೆಗಳನ್ನು ಒಳಗೆ ಕೊಡುವುದರಿಂದ ಆಟದ ಯೂಸರ್‌ಗೆ ಆ ಫೈಲ್ ತೆರೆಯುವ ಹಕ್ಕು ಬೇಕಾಗಿಲ್ಲ. ಟೀಮ್ ಫೋರ್ಟ್ರೆಸ್‌ನ ಆರ್‌ಕಾನ್ ಪಾಸ್‌ವರ್ಡನ್ನು ಆಜ್ಞೆಯ ಸಾಲಿನಲ್ಲಿ ಕೊಡಬಾರದು, ‘ಪಿಎಸ್’ ಎಂದವರಿಗೆಲ್ಲ ಕಾಣುತ್ತದೆ. ಕಾನ್ಫಿಗ್ ಫೈಲಿನಲ್ಲಿ ಇರಲಿ. ವ್ಯಾಲ್‌ಹೈಮ್‌ಗೆ ಆ ಭಾಗ್ಯವಿಲ್ಲ, ಪಾಸ್‌ವರ್ಡ್ ಸಾಲಿನಲ್ಲೇ ಹೋಗಬೇಕು. ಓಡುವ ಪ್ರೊಸೆಸ್‌ಗಳ ವಿವರವಿರುವ ‘ಪ್ರಾಕ್’ ಅನ್ನು ‘ಹೈಡ್‌ಪಿಡ್’ ಆಯ್ಕೆಯೊಂದಿಗೆ ಮೌಂಟ್ ಮಾಡಿ ಬೇರೆ ಯೂಸರ್‌ಗಳ ಕಣ್ಣಿಂದ ಮರೆಮಾಡಬಹುದು.

ನಿಲ್ಲಿಸುವ ಬಗೆ ಆಟಕ್ಕೊಂದು. ವ್ಯಾಲ್‌ಹೈಮ್ ಕಂಟ್ರೋಲ್-ಸಿ ಬಂದರೆ ಉಳಿಸಿ ಮುಗಿಸುತ್ತದೆ, ಆದ್ದರಿಂದ ನಿಲ್ಲಿಸಲು ಕಳಿಸುವ ‘ಕಿಲ್‌ಸಿಗ್ನಲ್’ ಅದೇ ಸಂಕೇತವಾದ ಸಿಗ್‌ಇಂಟ್ ಆಗಬೇಕು. ಮೈನ್‌ಕ್ರಾಫ್ಟ್ ಸಿಸ್ಟಮ್‌ಡಿಯ ಮಾಮೂಲಿ ಸಂಕೇತವಾದ ಸಿಗ್‌ಟರ್ಮ್‌ಗೆ ವರ್ಲ್ಡ್ ಉಳಿಸಿಯೇ ಮುಗಿಯುತ್ತದೆ, ಆದರೆ ಜಾವಾ 143 ಎಂಬ ಕೋಡ್ ಕೊಡುವುದರಿಂದ ಸಿಸ್ಟಮ್‌ಡಿ ಅದನ್ನು ಸೋಲು ಎಂದು ಬರೆದುಕೊಳ್ಳುತ್ತದೆ. ‘ಸಕ್ಸೆಸ್‌ಎಕ್ಸಿಟ್‌ಸ್ಟೇಟಸ್’ ಗೆ 143 ಕೊಟ್ಟರೆ ಸರಿ. ಮೂಲ ಕಾಯುವ ಅವಧಿ 90 ಸೆಕೆಂಡ್. ದೊಡ್ಡ ವರ್ಲ್ಡ್‌ಗೆ ಅದು ಸಾಲದೆ ಹೋದರೆ ಉಳಿಸುತ್ತಿರುವಾಗಲೇ ಕತ್ತು ಹಿಸುಕಿದಂತಾಗುತ್ತದೆ, 180 ಇಡಿ.

ಮೆಮೊರಿಯ ಲೆಕ್ಕ: ಕಾಡಿಗೆ ಜಾವಾ ಹೀಪ್ (ಆಟದ ಮಾಹಿತಿಗೆ ಜಾವಾ ಇಟ್ಟುಕೊಳ್ಳುವ ಮೆಮೊರಿ) 6 ಜಿಬಿ, ‘ಮೆಮೊರಿಮ್ಯಾಕ್ಸ್’ (ಸಿಸ್ಟಮ್‌ಡಿ ಹಾಕುವ ಒಟ್ಟು ಮಿತಿ) 8. ಕಟ್ಟಡಕ್ಕೆ 4 ಮತ್ತು 6. ಬಯಲು, ಪೇಟೆಗೆ ತಲಾ 2. ಹಿನ್ನೀರು, ದಿಬ್ಬಕ್ಕೆ ತಲಾ 4. ಮಿತಿಗಳ ಒಟ್ಟು 26, ಉಳಿದ 6 ಜಿಬಿ ಕರ್ನೆಲ್‌ಗೂ ಡಿಸ್ಕ್ ಕ್ಯಾಶ್‌ಗೂ. ಹೀಪ್‌ಗೂ ಮಿತಿಗೂ ನಡುವೆ 2 ಜಿಬಿ ಬಿಟ್ಟದ್ದೇಕೆಂದರೆ ಜಾವಾ ಹೀಪ್‌ನ ಹೊರಗೂ ಮೆಮೊರಿ ಬಳಸುತ್ತದೆ. ಎರಡನ್ನೂ ಸಮ ಇಟ್ಟರೆ ಕರ್ನೆಲ್ ಸರ್ವರನ್ನು ಕೊಲ್ಲುತ್ತದೆ, ಜಾವಾ ಲಾಗ್‌ನಲ್ಲಿ ಕಾರಣದ ಸುಳಿವೂ ಇರುವುದಿಲ್ಲ.

ಪದರಗಳ ಮೇಲೆ ಟೀಮ್ ಫೋರ್ಟ್ರೆಸ್

ಒಂದೇ ಇನ್‌ಸ್ಟಾಲ್, ಆದರೂ ಬೇರೆ ಬೇರೆ ಬರೆಯುವ ಜಾಗ ಬೇಕು. ಇದಕ್ಕೆ ಎರಡು ಪದರವನ್ನು ಒಂದೇ ಫೋಲ್ಡರಿನಂತೆ ತೋರಿಸುವ ಓವರ್‌ಲೇ ಫೈಲ್‌ಸಿಸ್ಟಮ್. ಕೆಳಪದರ ಸ್ಟೀಮ್‌ನ ಡೌನ್‌ಲೋಡ್ ಉಪಕರಣ ಸ್ಟೀಮ್‌ಸಿಎಂಡಿ ಇಳಿಸಿದ ಮೂಲ (ಆಪ್ ಸಂಖ್ಯೆ 232250), ಅದನ್ನು ಯಾರೂ ತಿದ್ದುವುದಿಲ್ಲ. ಮೇಲ್ಪದರ ಸರ್ವರ್‌ಗೊಂದು, ಕಾನ್ಫಿಗ್, ಲಾಗ್, ನಿಷೇಧಗಳ ಪಟ್ಟಿ ಅಲ್ಲಿ ಬೀಳುತ್ತವೆ. ಬಯಲು, ಪೇಟೆ ಎರಡಕ್ಕೂ ಈಗ ತಮ್ಮದೇ ‘ಬ್ಯಾನ್ಡ್ ಯೂಸರ್’ ಫೈಲ್. ‘ವ್ಯಾಲಿಡೇಟ್’ ಎಂದು ಅಪ್‌ಡೇಟ್ ಓಡಿಸಿದರೆ ನಮ್ಮ ತಿದ್ದುಪಡಿ ಹೋಗುತ್ತದೆ ಎಂಬ ಹಳೆಯ ಭಯವೂ ಹೋಯಿತು, ಏಕೆಂದರೆ ಕೆಳಪದರದಲ್ಲಿ ನಮ್ಮದೆಂಬುದು ಏನೂ ಇಲ್ಲ. ಸ್ಟೀಮ್‌ನ ಗೇಮ್ ಸರ್ವರ್ ಟೋಕನ್ (ಸರ್ವರ್‌ನ ಗುರುತಿನ ಚೀಟಿ) ಕೂಡ ಸರ್ವರ್‌ಗೊಂದು, ನಕಲು ಮಾಡುವಂತಿಲ್ಲ. ಅದು ಪಾಸ್‌ವರ್ಡ್ ಫೈಲಿನೊಳಗೇ ಕೂರುತ್ತದೆ.

ಎರಡು ಎಚ್ಚರ. ಓವರ್‌ಲೇ ಮೌಂಟ್ ಆಗಿರುವಾಗ ಕೆಳಪದರವನ್ನು ಬದಲಿಸಬಾರದು, ಬದಲಿಸಿದರೆ ಏನು ಕಾಣುತ್ತದೆ ಎಂಬುದಕ್ಕೆ ಕರ್ನೆಲ್ ಖಾತ್ರಿ ಕೊಡುವುದಿಲ್ಲ. ಆದ್ದರಿಂದ ಅಪ್‌ಡೇಟ್ ಕ್ರಮ ಹೀಗೆ: ಎರಡೂ ಸರ್ವರ್ ನಿಲ್ಲಿಸು, ಎರಡೂ ಅನ್‌ಮೌಂಟ್, ಸ್ಟೀಮ್‌ಸಿಎಂಡಿ, ಮತ್ತೆ ಮೌಂಟ್, ಶುರು. ಸ್ಟೀಮ್‌ಸಿಎಂಡಿ ಸಾಲಿನಲ್ಲಿ ಇನ್‌ಸ್ಟಾಲ್ ಫೋಲ್ಡರ್ ಹೇಳುವ ಆಯ್ಕೆ ಲಾಗಿನ್‌ಗೆ ಮೊದಲು ಬರಬೇಕು.

ಇನ್ನೊಂದು ಇನ್ನೂ ಕಾಡುವಂಥದ್ದು. ಮೂಲದ ಒಂದು ಫೈಲನ್ನು ಸರ್ವರ್ ಒಮ್ಮೆ ತಿದ್ದಿದರೆ ಅದರ ಪೂರ್ತಿ ನಕಲು ಮೇಲ್ಪದರಕ್ಕೆ ಏರುತ್ತದೆ, ಅಲ್ಲಿಂದಾಚೆಗೆ ಕೆಳಗಿನ ಹೊಸ ಆವೃತ್ತಿ ಆ ಸರ್ವರ್‌ಗೆ ಕಾಣುವುದಿಲ್ಲ. ಬಯಲು ಹೊಸದನ್ನು ಓದುತ್ತಿದ್ದರೆ ಪೇಟೆ ಹಳೆಯದರಲ್ಲೇ ಇರುತ್ತದೆ, ಎರಡೂ ಕಡೆ ಅಪ್‌ಡೇಟ್ ಮುಗಿದಿದೆ ಎಂದೇ ಲಾಗ್ ಹೇಳುತ್ತದೆ. ಹಾಗಾಗಿ ಅಪ್‌ಡೇಟ್ ಸ್ಕ್ರಿಪ್ಟಿನಲ್ಲಿ, ಅನ್‌ಮೌಂಟ್ ಮಾಡಿದ ಮೇಲೆ, ಮೇಲ್ಪದರದ ಪ್ರತಿ ಫೈಲಿಗೂ ಅದೇ ಹಾದಿಯಲ್ಲಿ ಕೆಳಪದರದಲ್ಲಿ ಜೋಡಿ ಇದೆಯೇ ಎಂದು ನೋಡುವ ಒಂದು ಹಂತವಿದೆ. ಜೋಡಿ ಸಿಕ್ಕರೆ ಹೆಸರನ್ನು ಮುದ್ರಿಸಿ ನಿಲ್ಲುತ್ತದೆ, ಇಡಬೇಕೋ ಅಳಿಸಬೇಕೋ ಎಂದು ಮನುಷ್ಯ ಹೇಳುವ ತನಕ ಮುಂದೆ ಹೋಗುವುದಿಲ್ಲ.